ಹದಿನೇಳನೆಯವನ ಬಗ್ಗೆ ಒಂದೂವರೆ ಸಾಲು

ಈ ಕೆಲಸಕ್ಕೆ ತೆತ್ತದ್ದು ಇಷ್ಟು: ಒಬ್ಬ ಲೇತ್ ಕೆಲಸಗಾರನ ಬಲಗೈ ಮಣಿಕಟ್ಟು, ಒಂಬತ್ತು ವರ್ಷ ಅವನು ಬಿಡದೆ ಹಿಡಿದುಕೊಂಡಿದ್ದ ಯಂತ್ರ, ಪೀಣ್ಯದಲ್ಲಿ ಅವನಿಗಿದ್ದ ಒಂದು ಶೀಟ್ ಮನೆ. ನನ್ನ ಕಡೆಯಿಂದ ಹೋದದ್ದು ಅದರ ಮುಂದೆ ಏನೂ ಅಲ್ಲ. ಎರಡನೇ ಹಂತದಲ್ಲಿ ಆ ಮನೆಯಿದ್ದ ಅಡ್ಡರಸ್ತೆಯಲ್ಲಿ ನಾನು ಇವತ್ತಿಗೂ ನಡೆಯುವುದಿಲ್ಲ, ಸುತ್ತು ಹಾಕಿಕೊಂಡು ಹೋಗುತ್ತೇನೆ. ಕಾರಣ, ಒಂದು ವರದಿಯ ಕನ್ನಡ ಸಾರಾಂಶದಲ್ಲಿ ನಾನು ಬರೆದ ಒಂದೂವರೆ ಸಾಲು. ಅದರಲ್ಲಿ ಸುಳ್ಳಿರಲಿಲ್ಲ. ಯಾರ ಹೆಸರೂ ಇರಲಿಲ್ಲ. ಈಗಂತೂ ಸಂಶೋಧನೆ, ಸಮೀಕ್ಷೆ ಅಂತ ಜನರ ಮನೆ ಬಾಗಿಲು ತಟ್ಟುವವರು ಬಹಳ ಆಗಿದ್ದಾರೆ. ಅವರಲ್ಲಿ ಯಾರೂ ನನ್ನನ್ನು ಬಂದು ಕೇಳಿಲ್ಲ. ಕೇಳದಿದ್ದರೂ ಹೇಳುವುದು ನನ್ನ ಹಳೆಯ ಚಟ, ಹೇಳುತ್ತೇನೆ.

ತೊಂಬತ್ತರ ದಶಕದ ನಡುವಿನ ಮಾತು. ಕಾವೇರಿ ಗಲಾಟೆ ಮುಗಿದು ಮೂರು ವರ್ಷ ದಾಟಿತ್ತು. ನಾನು ಪೀಣ್ಯ ಎರಡನೇ ಹಂತದಲ್ಲಿ, ಇ.ಎಸ್.ಐ. ಔಷಧಾಲಯದ ಎದುರಿಗೆ, ತಗಡಿನ ಚಪ್ಪರದ ಕೆಳಗೆ ಒಂದು ಮೇಜು ಹಾಕಿಕೊಂಡು ಕಾರ್ಮಿಕರಿಗೆ ಫಾರಂ ತುಂಬಿಕೊಡುತ್ತಿದ್ದೆ. ರಜೆ ಅರ್ಜಿ, ಪಿ.ಎಫ್. ಅರ್ಜಿ, ರೇಷನ್ ಕಾರ್ಡು, ಊರಿಗೆ ಕಾಗದ, ಏನು ಬೇಕಾದರೂ. ಎಲ್ಲರೂ ನನ್ನನ್ನು ‘ಫಾರಂ ಅಣ್ಣ’ ಎಂದೇ ಕರೆಯುತ್ತಿದ್ದರು. ನನ್ನ ಹೆಸರು ಗೊತ್ತಿದ್ದವನು ಮನೆ ಮಾಲೀಕನೊಬ್ಬನೇ.

ಅಲ್ಲಿಗೆ ಒಂದು ದಿನ ಮಧ್ಯಾಹ್ನ ಮೇಡಂ ಬಂದರು. ಊರೊಳಗಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ಪ್ರೊಫೆಸರ್. ಧಾರವಾಡದ ಕಡೆಯ ಲಿಂಗಾಯತ ಮನೆತನ, ಮಲ್ಲೇಶ್ವರದಲ್ಲಿ ಫ್ಲಾಟು, ಕೈಯಲ್ಲಿ ಖಾದಿ ಚೀಲ. ಸಣ್ಣ ಕಾರ್ಖಾನೆಗಳ ಕೆಲಸಗಾರರು ಉಗ್ರ ಸಂಘಟನೆಗಳಿಗೆ ಯಾಕೆ ಸೇರುತ್ತಾರೆ ಎಂಬುದು ಅವರ ಅಧ್ಯಯನದ ವಿಷಯ. ನಮ್ಮ ಕಡೆ ಅಂಥದ್ದೊಂದು ಇತ್ತು. ಅದಕ್ಕೆ ಉದ್ದದ ಹೆಸರಿತ್ತು, ನಾವೆಲ್ಲ ‘ಪಡೆ’ ಅನ್ನುತ್ತಿದ್ದೆವು. ನಾಡು ನುಡಿ ಉಳಿಸುತ್ತೇವೆ ಎಂದು ಬೋರ್ಡು. ಗಲಾಟೆಯ ವಾರದಲ್ಲಿ ನಮ್ಮ ಭಾಗದ ತಮಿಳು ಕೂಲಿಯವರ ಶೀಟ್ ಮನೆಗಳ ಬಾಗಿಲು ಒದ್ದು ಮುರಿದವರು ಅವರೇ. ಮೇಡಂ ಕಳಿಸಿದ್ದ ಇಬ್ಬರು ಎಂ.ಎ. ವಿದ್ಯಾರ್ಥಿಗಳು ಎರಡು ತಿಂಗಳು ಅಲೆದು, ಎಲ್ಲ ಹಾಳೆಯಲ್ಲೂ ಒಂದೇ ಉತ್ತರ ಬರೆದುಕೊಂಡು ವಾಪಸು ಹೋಗಿದ್ದರು: ‘ಎಲ್ಲ ಚೆನ್ನಾಗಿದೆ ಸಾರ್.’

“ನಿಮ್ಮ ಮುಂದ ಮಂದಿ ಮಾತಾಡ್ತಾರಂತ ಕೇಳೀನ್ರಿ” ಎಂದರು ಮೇಡಂ.

“ಮಾತಾಡ್ತಾರೆ ಮೇಡಂ. ಫಾರಂ ತುಂಬೋನ ಹತ್ರ ಸುಳ್ಳು ಹೇಳಿದ್ರೆ ಅವ್ರಿಗೇ ನಷ್ಟ.”

ಅವರನ್ನು ಮಾತಾಡಿಸಿಕೊಡುವ ಕೆಲಸಕ್ಕೆ ಚೌಕಾಸಿ ಶುರುವಾಯಿತು. ಸಂಬಳಕ್ಕೆ ನಾನು ತಕರಾರು ಮಾಡಲಿಲ್ಲ. ನಾನು ಕೇಳಿದ್ದು ಬೇರೆ: ವರದಿಯಲ್ಲಿ ನನ್ನ ಹೆಸರು ಅಚ್ಚಾಗಬೇಕು. ಮುನ್ನುಡಿಯ ಕೊನೆಯಲ್ಲಿ ಕೃತಜ್ಞತೆ ಅಂತ ಅಲ್ಲ, ಒಳಪುಟದಲ್ಲಿ. ಮೇಡಂ ನಕ್ಕು ಒಪ್ಪಿದರು. ಇಷ್ಟು ಸುಲಭಕ್ಕೆ ಒಪ್ಪಿದರಲ್ಲ, ಇನ್ನೂ ಏನಾದರೂ ಕೇಳಬೇಕಿತ್ತು ಎಂದು ಆ ಸಂಜೆಯೆಲ್ಲ ನನಗೆ ಕೊರೆಯುತ್ತಿತ್ತು.

ಕೆಲಸದ ಕ್ರಮ ಹೀಗಿತ್ತು. ಒಬ್ಬೊಬ್ಬನಿಗೂ ಒಂದು ಮೊದಲ ಹಾಳೆ: ವಯಸ್ಸು, ಊರು, ಓದು, ಯಾವ ಯಂತ್ರ, ಎಷ್ಟು ವರ್ಷ, ಯಾವ ಪಾಳಿ, ಎಂಥ ಮನೆ. ಹೆಸರು ಮಾತ್ರ ಆ ಹಾಳೆಯಲ್ಲಿ ಬರೆಯುವಂತಿಲ್ಲ. ಅದು ಬೇರೆ ಚೀಟಿಯಲ್ಲಿ. ಆ ಚೀಟಿ ಮೇಡಂ ಕೋಣೆಯ ಕಬ್ಬಿಣದ ಬೀರುವಿನಲ್ಲಿ. ಹಾಳೆಯ ಮೇಲೆ ಬರೀ ಪಿ-1, ಪಿ-2. ಆಮೇಲೆ ಟೇಪು. ಮಾತಾಡುವವನು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕು ಎಂದು ಸಂಸ್ಥೆಯ ನಿಯಮ. ಮೊದಲ ದಿನವೇ ಅದು ಮುಗ್ಗರಿಸಿತು. ಪೀಣ್ಯದ ಎಷ್ಟೋ ಶೆಡ್ಡುಗಳಲ್ಲಿ ಕೆಲಸಕ್ಕೆ ಸೇರುವ ದಿನವೇ ಖಾಲಿ ಬಿಳಿ ಹಾಳೆಗೆ ಸಹಿ ಹಾಕಿಸಿಕೊಳ್ಳುತ್ತಿದ್ದರು. ಮಾಲೀಕನಿಗೆ ಬೇಡವಾದ ದಿನ ಅದೇ ಹಾಳೆ ರಾಜೀನಾಮೆ ಪತ್ರವಾಗುತ್ತಿತ್ತು. ಅಂಥವರ ಮುಂದೆ ಹಾಳೆ ಇಟ್ಟು ಸಹಿ ಮಾಡಪ್ಪ ಎಂದರೆ ಎದ್ದು ಹೋಗದೆ ಇನ್ನೇನು ಮಾಡುತ್ತಾರೆ? ನಾನು ಇದನ್ನು ಹೇಳಿದ ಮೇಲೆ ಮೇಡಂ ಸಂಸ್ಥೆಯವರೊಂದಿಗೆ ಜಗಳವಾಡಿ, ಒಪ್ಪಿಗೆಯನ್ನು ಬಾಯಲ್ಲೇ ಹೇಳಿಸಿ ಟೇಪಿಗೆ ಹಾಕಿಕೊಳ್ಳುವ ವ್ಯವಸ್ಥೆ ಮಾಡಿದರು.

ಪ್ರಶ್ನೆ ಕೇಳುವ ಬಗೆಯನ್ನೂ ನಾನೇ ತಿದ್ದಿದೆ. ಪಡೆಗೆ ಯಾಕೆ ಸೇರಿದೆ ಎಂದು ಕೇಳಿದರೆ ಭಾಷಣ ಬರುತ್ತಿತ್ತು, ನೀರು, ನೆಲ, ನುಡಿ, ಎಲ್ಲ ಪಡೆಯ ಕರಪತ್ರದ ಸಾಲುಗಳು. ಸೇರುವ ಹಿಂದಿನ ವಾರ ಏನು ನಡೆದಿತ್ತು ಎಂದು ಕೇಳಿದೆ. ಒಬ್ಬನ ಕಂಟ್ರಾಕ್ಟರು ಹೇಳದೆ ಕೇಳದೆ ಕೆಲಸ ನಿಲ್ಲಿಸಿದ್ದ. ಒಬ್ಬನ ಮಗುವಿಗೆ ಜ್ವರ, ಆಟೋದವರು ಬರಲಿಲ್ಲ. ಒಬ್ಬನ ಸಾಮಾನನ್ನು ಮನೆ ಮಾಲೀಕ ರಸ್ತೆಗೆ ಇಟ್ಟಿದ್ದ. ಆ ಹೊತ್ತಿಗೆ ಬೈಕು ತಂದವನು, ಮನೆಗೆ ಜಾಮೀನು ನಿಂತವನು ಪಡೆಯ ಮನುಷ್ಯ. ಇವರಲ್ಲಿ ಹೆಚ್ಚಿನವರು ಬಿಜಾಪುರ, ಗುಲ್ಬರ್ಗ, ರಾಯಚೂರಿನವರು. ಅವರ ಮಾತು ಕೇಳಿ ಬೆಂಗಳೂರಿನವರು ನಗುತ್ತಿದ್ದರು. ಹೊರಗಿನವರನ್ನು ಓಡಿಸುತ್ತೇವೆ ಎಂದು ಹೊರಟವರಿಗೆ ತಾವೇ ಇಲ್ಲಿ ಹೊರಗಿನವರು ಎಂಬ ಭಯವಿತ್ತು. ಮೇಡಂ ಇದನ್ನೆಲ್ಲ ಕೆಂಪು ಪೆನ್ನಿನಲ್ಲಿ ಗುರುತು ಹಾಕಿಕೊಳ್ಳುತ್ತಿದ್ದರು.

ಅಡ್ಡಿಗಳು ಬಂದವು. ಮೊದಲ ಏಳು ಟೇಪುಗಳನ್ನು ನಾನು ಊಟದ ಬಿಡುವಿನಲ್ಲಿ ಶೆಡ್ಡಿನ ಹಿಂಭಾಗದಲ್ಲಿ ಕೂತು ಮಾಡಿದ್ದೆ. ಪಕ್ಕದ ಶೆಡ್ಡಿನ ಪವರ್ ಪ್ರೆಸ್ಸಿನ ಸದ್ದು ನಮ್ಮ ಕಿವಿಗೆ ಎಷ್ಟು ಒಗ್ಗಿಹೋಗಿತ್ತೆಂದರೆ ಅದು ನಡೆಯುತ್ತಿದೆ ಎಂಬುದೇ ನನಗೆ ತಿಳಿದಿರಲಿಲ್ಲ. ಟೇಪಿಗೆ ತಿಳಿದಿತ್ತು. ಧಡ್ ಧಡ್ ಬಿಟ್ಟರೆ ಇನ್ನೇನೂ ಕೇಳಲಿಲ್ಲ. ಏಳರಲ್ಲಿ ಮೂವರು ಮತ್ತೆ ಕೂರಲು ಒಪ್ಪಲಿಲ್ಲ. ಅಲ್ಲಿಂದ ವಾರದ ರಜೆಯ ದಿನ ಅವರ ಮನೆಗಳಿಗೇ ಹೋಗತೊಡಗಿದೆ. ಹೋದದ್ದು ಪಡೆಯ ಮುಖಂಡನ ಕಿವಿಗೆ ಬಿತ್ತು.

ಅವನು ಶಾಮಿಯಾನ ಅಂಗಡಿಯವನು. ಮದುವೆಗೆ, ತಿಥಿಗೆ, ರಾಜ್ಯೋತ್ಸವಕ್ಕೆ ಕುರ್ಚಿ, ಪಾತ್ರೆ ಬಾಡಿಗೆ ಕೊಡುತ್ತಿದ್ದ. ಮುಂದಿನ ಚುನಾವಣೆಯಲ್ಲಿ ಯಾವುದಾದರೂ ದೊಡ್ಡ ಪಕ್ಷದ ಟಿಕೆಟ್ಟಿಗೆ ಕಣ್ಣಿಟ್ಟಿದ್ದ. ಕರೆ ಬಂತು, ಹೋದೆ.

“ಬನ್ನಿ ಫಾರಂ ಅಣ್ಣ, ಕೂತ್ಕೊಳ್ಳಿ. ಚೀಲ್ದಾಗೆ ಏನೈತೆ?”

“ಟೇಪ್ ರೆಕಾರ್ಡರ್ ಅಣ್ಣ.”

“ನಮ್ಮುಡುಗ್ರ ಕೈಲಿ ಹಾಡೇಳುಸ್ತಿದೀರಂತೆ? ನನ್ನ ಕೈಲೂ ಒಂದೇಳ್ಸಿ, ಚೆನ್ನಾಗೇಳ್ತೀನಿ.”

ಹಿಂದೆ ಕುರ್ಚಿ ಜೋಡಿಸುತ್ತಿದ್ದವರು ನಕ್ಕರು. ನಾನೂ ನಕ್ಕೆ. ಕಾಲೇಜಿನವರ ಅಧ್ಯಯನ, ಕೆಲಸಗಾರರ ಕಷ್ಟಸುಖ, ಸಂಘಟನೆ ಅವರಿಗೆ ಹೇಗೆ ನೆರವಾಯಿತು ಎಂಬ ವಿಚಾರ ಎಂದೆ.

“ನೆರವಾಗಿದ್ದು ಬರೀತೀರಾ?”

“ಬರೀಲೇಬೇಕಲ್ಲ ಅಣ್ಣ. ಮನೆ ಕೊಡ್ಸಿರೋದು, ಆಸ್ಪತ್ರೆಗೆ ಸೇರ್ಸಿರೋದು, ಎಲ್ಲಾ ಅವ್ರೇ ಹೇಳ್ತಿದಾರೆ.”

ಅವನು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡ. “ಅಂಗಾದ್ರೆ ಒಂದು ಮಾತು. ಬುಕ್ಕು ಆದ್ಮೇಲೆ ಮೊದ್ಲು ಒಂದ್ ಕಾಪಿ ನನಗೆ ಬರ್ಬೇಕು. ಕನ್ನಡದಲ್ಲಿರ್ಬೇಕು ಕಣ್ರೀ. ಇಂಗ್ಲಿಷ್‌ನಾಗೆ ನನ್ನ ಹೊಗಳಿದ್ರೂ ಬೈದ್ರೂ ನನಗೊಂದೇ. ನಾಕ್ ಜನಕ್ಕೆ ತೋರ್ಸೋಂಗಿರ್ಬೇಕು.”

ಒಪ್ಪಿಕೊಂಡೆ. ಒಂದು ಪ್ರತಿಗೆ ಬದಲಾಗಿ ಇಡೀ ಬಡಾವಣೆಯ ಬಾಗಿಲು ತೆರೆಯುತ್ತಿತ್ತು. ಇಂಥ ವ್ಯಾಪಾರವನ್ನು ಯಾವನು ಬಿಡುತ್ತಾನೆ? ಮಾರನೇ ದಿನ ಮೇಡಂ ಹತ್ತಿರ ಹೋಗಿ, ಮಾತಾಡಿದ ಜನ ತಾವೇ ಓದಿಕೊಳ್ಳಲು ಕನ್ನಡದಲ್ಲಿ ಒಂದು ಸಾರಾಂಶ ಇರಬೇಕು, ನಾನೇ ಬರೆಯುತ್ತೇನೆ ಎಂದೆ. ಮೇಡಂ ಖುಷಿಪಟ್ಟರು. “ಛಲೋ ವಿಚಾರ ರೀ. ಇದು ನಮಗ ಮದಲ ಹೊಳೀಬೇಕಾಗಿತ್ತು” ಎಂದರು. ಮೊದಲ ಪ್ರತಿ ಯಾರಿಗೆ ಹೋಗುತ್ತದೆ ಎಂದು ನಾನು ಹೇಳಲಿಲ್ಲ.

ಇನ್ನು ಹದಿನೇಳನೆಯವನು, ಹಾಳೆಯ ಮೇಲೆ ಪಿ-17. ಸಿಂದಗಿ ತಾಲ್ಲೂಕಿನಿಂದ ಬಂದವನು, ಇಪ್ಪತ್ತೆಂಟು ವಯಸ್ಸು, ಟರೆಟ್ ಲೇತ್ ನಡೆಸುತ್ತಿದ್ದ. ಅವನ ಶೀಟ್ ಮನೆಗೆ ನಾನು ಹೋದಾಗ ಹಂಚಿನ ಮೇಲೆ ರೊಟ್ಟಿ ಸುಡುತ್ತಿದ್ದ. ಸುಡುತ್ತಲೇ ಸ್ವಲ್ಪ ಹೊತ್ತು ಅದೂ ಇದೂ ಮಾತಾಡಿದ. ಆಮೇಲೆ ತಾನೇ ಟೇಪಿನ ಕಡೆ ನೋಡಿದ.

“ಒಂದ ಮಾತ ಐತ್ರಿ ಸಾರ. ಯಾರ ಮುಂದೂ ಹೇಳಿಲ್ಲ. ಹೇಳಿದ್ರ ನನ್ನ ಹೆಸರ ಬರಬಾರದು ನೋಡ್ರಿ.”

“ಹೆಸರು ಬರಲ್ಲ. ಆಣೆ.”

ಅವನ ಶೆಡ್ಡಿನಲ್ಲಿ, ಅವನ ಪಕ್ಕದ ಡ್ರಿಲ್ಲಿಂಗ್ ಯಂತ್ರದಲ್ಲಿ, ಧರ್ಮಪುರಿಯ ಕಡೆಯ ಒಬ್ಬ ತಮಿಳ ಇದ್ದ.

“ನಾಕ ವರ್ಷ ನನ್ನ ಬಾಜೂಕ ನಿಂತಾನ್ರಿ ಅಂವ. ನನಗ ಟೂಲ್ ಗ್ರೈಂಡ್ ಮಾಡಾಕ ಬರತಿರಲಿಲ್ಲ, ಅಂವನ ಕಲಿಸಿದಾಂವ. ಗಲಾಟಿ ಟೈಮಿನ್ಯಾಗ ನಮ್ಮ ಮೀಟಿಂಗ್ ಆತು. ನಾಳೆ ಯಾವ ಯಾವ ಮನಿ ಅಂತ ಪಟ್ಟಿ ಓದಿದ್ರು. ಅದರಾಗ ಅವನ ಮನಿ ಇತ್ತು. ಸಂಜಿಕೆ ಹೋಗಿ ಹೇಳಿದೆ, ಹೆಂಡ್ರು ಮಕ್ಕಳನ್ನ ಕರ್ಕೊಂಡು ಈಗ ಹೊಸೂರ ಬಸ್ ಹತ್ತು ಅಂತ.”

“ಮಾರನೇ ದಿನ ನೀನು ಹೋಗ್ಲಿಲ್ವಾ?”

“ಹೋಗದ ಇದ್ರ ಬಿಡತಾರೇನ್ರಿ? ಹೋದೆ. ಬಾಗಲಾ ನಾನೂ ಒದ್ದೆ. ಒಳಗ ಯಾರೂ ಇಲ್ಲಂತ ನನಗೊಬ್ಬಗ ಗೊತ್ತಿತ್ತು ನೋಡ್ರಿ, ಅದಕ್ಕ ಎಲ್ಲಾರಕಿಂತ ಜೋರ ಒದ್ದೆ.”

“ಪಕ್ಕದ ಮನೆ?”

ಅವನು ರೊಟ್ಟಿ ತಿರುವಿಹಾಕಿದ. “ಅದರಾಗ ಇದ್ದವರು ನನಗ ಪರಿಚಯ ಇರಲಿಲ್ರಿ.”

ಖಾಲಿ ಮನೆ ಕಂಡ ದಿನದಿಂದ ಪಡೆಯವರು ಸುಳಿವು ಕೊಟ್ಟವನು ಯಾರು ಎಂದು ಹುಡುಕುತ್ತಲೇ ಇದ್ದರಂತೆ. ಮೂರು ವರ್ಷವಾದರೂ ಶಾಮಿಯಾನದವನು ಆಗಾಗ ಆ ಮಾತು ಎತ್ತುತ್ತಿದ್ದನಂತೆ. ‘ನಮ್ಮೊಳ್ಗೆ ಒಬ್ಬ ಇದಾನೆ ಕಣ್ರೋ’ ಎಂದು ನಗುನಗುತ್ತಲೇ ಎಲ್ಲರ ಮುಖ ನೋಡುತ್ತಿದ್ದನಂತೆ. ಇದೂ ಟೇಪಿನಲ್ಲಿತ್ತು. ನಾನು ಕಿವಿಯಾರೆ ಕೇಳಿದ್ದೇನೆ.

ಮೇಡಂ ಆ ಭಾಗವನ್ನು ಮೂರು ಸಲ ಹಿಂದಕ್ಕೆ ತಿರುಗಿಸಿ ಕೇಳಿದರು. ಆಮೇಲೆ ಬೇರೆ ಟೇಪುಗಳಲ್ಲೂ ಅಂಥದ್ದನ್ನೇ ಹುಡುಕಿದೆವು, ಸಿಕ್ಕಿತು. ಒಂದು ಗುಂಪನ್ನೇ ದ್ವೇಷಿಸುವವನು ಆ ಗುಂಪಿನಲ್ಲಿ ತನಗೆ ಹತ್ತಿರದ ಒಬ್ಬನನ್ನು ಮಾತ್ರ ಬಿಟ್ಟು ದ್ವೇಷಿಸುತ್ತಾನೆ. ಆ ಒಬ್ಬನನ್ನು ಕಾಪಾಡುತ್ತಾನೆ. ಕಾಪಾಡಿದ ಸಮಾಧಾನದಲ್ಲಿ ಉಳಿದವರ ಬಾಗಿಲನ್ನು ಇನ್ನೂ ಹಗುರ ಮನಸ್ಸಿನಿಂದ ಒದೆಯುತ್ತಾನೆ. ಪಕ್ಕದ ಯಂತ್ರದ ಸ್ನೇಹ ಒಳ್ಳೆಯದೇ, ಆದರೆ ಅದರಿಂದ ದ್ವೇಷ ಕರಗುವುದಿಲ್ಲ, ಅದಕ್ಕೊಂದು ವಿನಾಯಿತಿ ಸಿಗುತ್ತದೆ ಅಷ್ಟೇ. ಇದು ಮೇಡಂ ಕಂಡುಕೊಂಡದ್ದು. ಇಡೀ ವರದಿಯ ಬೆನ್ನುಮೂಳೆ ಈ ಅಧ್ಯಾಯವೇ ಆಯಿತು, ಆ ಅಧ್ಯಾಯದ ಬೆನ್ನುಮೂಳೆ ಹದಿನೇಳನೆಯವನು.

ಕನ್ನಡ ಸಾರಾಂಶಕ್ಕೆ ನಾನು ಹದಿನೈದು ದಿನ ತೆಗೆದುಕೊಂಡೆ. ಹದಿನೇಳನೆಯವನ ಬಗ್ಗೆ ಬರೆದದ್ದು ಇಷ್ಟು: ‘ಸಿಂದಗಿಯ ಕಡೆಯಿಂದ ಬಂದು ಇಲ್ಲಿ ಟರೆಟ್ ಲೇತ್ ನಡೆಸುವ ಯುವಕನೊಬ್ಬ, ಪಕ್ಕದ ಯಂತ್ರದ ತಮಿಳು ಗೆಳೆಯನಿಗೆ ಹಿಂದಿನ ಸಂಜೆಯೇ ಸುಳಿವು ಕೊಟ್ಟು ಆ ಕುಟುಂಬವನ್ನು ಉಳಿಸಿದ.’ ಬರೆದು ನಾಲ್ಕು ಸಲ ಓದಿಕೊಂಡೆ. ನನ್ನ ಕೈಯಿಂದ ಅಂಥ ವಾಕ್ಯ ಅದುವರೆಗೆ ಬಂದಿರಲಿಲ್ಲ.

ಮೇಡಂ ಓದಿದರು. ಪೆನ್ನು ಆ ಸಾಲಿನ ಮೇಲೆ ನಿಂತಿತು.

“ಇದರಿಂದ ಅವನ್ನ ಯಾರರ ಗುರ್ತು ಹಿಡೀಬಹುದೇನ್ರಿ? ನಿಮಗ ಅಲ್ಲಿಂದು ಗೊತ್ತು, ನನಗ ಗೊತ್ತಿಲ್ಲ. ಅದಕ್ಕ ಕೇಳಾಕತ್ತೀನಿ.”

“ಹೆಸರೇ ಇಲ್ವಲ್ಲ ಮೇಡಂ. ಪೀಣ್ಯದಲ್ಲಿ ಲೇತ್ ಎಷ್ಟಿವೆ, ಸಿಂದಗಿ ಕಡೆಯೋರು ಎಷ್ಟಿದಾರೆ, ಲೆಕ್ಕ ಇದೆಯಾ?”

“ಖಾತ್ರಿ ಏನ್ರಿ?”

“ಖಾತ್ರಿ ಮೇಡಂ.”

ಇಲ್ಲಿ ನಿಂತು ಒಂದು ವಿಷಯ ಹೇಳಬೇಕು. ನಮ್ಮ ಶೆಡ್ಡುಗಳಲ್ಲಿ ಹೆಸರು ಹಿಡಿದು ಯಾರೂ ಯಾರನ್ನೂ ಕರೆಯುವುದಿಲ್ಲ. ಒಂದೇ ಶೆಡ್ಡಿನಲ್ಲಿ ಮೂವರು ಮಂಜುನಾಥ, ನಾಲ್ವರು ಬಸವರಾಜ ಇರುತ್ತಾರೆ. ಜನ ಬರುತ್ತಾರೆ, ಹೋಗುತ್ತಾರೆ. ಯಂತ್ರ ಇದ್ದಲ್ಲೇ ಇರುತ್ತದೆ. ಹಾಗಾಗಿ ಯಂತ್ರ ಮತ್ತು ಊರು ಸೇರಿದರೆ ಅದೇ ಕರೆಯುವ ಹೆಸರು. ಗ್ರೈಂಡಿಂಗ್ ಕುಣಿಗಲ್. ಮಿಲ್ಲಿಂಗ್ ಹಿರಿಯೂರು. ಡ್ರಿಲ್ ಧರ್ಮಪುರಿ. ಹದಿನೇಳನೆಯವನನ್ನು ಎಲ್ಲರೂ ಟರೆಟ್ ಸಿಂದಗಿ ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ಅವನ ನಿಜವಾದ ಹೆಸರು ನನಗೆ ಗೊತ್ತಾದದ್ದು ಅಧ್ಯಯನಕ್ಕೂ ಮೊದಲು, ಅವನ ಇ.ಎಸ್.ಐ. ಫಾರಂ ತುಂಬಿದ ದಿನ. ಅಂದರೆ ಯಾರೂ ಬಳಸದ ಹೆಸರನ್ನು ನಾವು ಬೀರುವಿನಲ್ಲಿಟ್ಟು ಬೀಗ ಹಾಕಿದೆವು. ಊರೆಲ್ಲ ಕರೆಯುವ ಹೆಸರನ್ನು ಅಚ್ಚು ಮಾಡಿದೆವು.

ಮೇಡಂಗೆ ಇದು ಗೊತ್ತಿರಲು ಸಾಧ್ಯವಿರಲಿಲ್ಲ. ನನಗೆ? ಅವರು ಪೆನ್ನು ನಿಲ್ಲಿಸಿ ಕೇಳಿದ ಆ ಗಳಿಗೆಯಲ್ಲಿ ಒಳಗೆ ಏನೋ ಮಿಸುಕಾಡಿತು. ಅದು ಏನೆಂದು ನೋಡಲು ಹೋಗಲಿಲ್ಲ. ನೋಡಿದ್ದರೆ ಆ ಸಾಲು ಬಿಡಬೇಕಾಗುತ್ತಿತ್ತು, ಸಾಲು ಬಿಟ್ಟರೆ ಸಾರಾಂಶ ಸಪ್ಪೆ, ಮತ್ತು ಅದರ ಕೆಳಗೆ ನನ್ನ ಹೆಸರಿತ್ತು.

ಪ್ರತಿಗಳು ಸೈಕ್ಲೋಸ್ಟೈಲ್ ಆಗಿ ಬಂದ ದಿನವೇ ಒಂದನ್ನು ತೆಗೆದುಕೊಂಡು ಶಾಮಿಯಾನ ಅಂಗಡಿಗೆ ಹೋದೆ. ಕೊಟ್ಟ ಮಾತು ಉಳಿಸಿಕೊಳ್ಳುವವನು ಎಂದು ನನಗೆ ನನ್ನ ಬಗ್ಗೆ ಹೆಮ್ಮೆ. ಅವನು ಕನ್ನಡಕ ಹಾಕಿಕೊಂಡು, ಬೆರಳಿಟ್ಟು, ಒಂದೊಂದೇ ಸಾಲು ಓದಿದ. ಮನೆ ಕೊಡಿಸಿದ ಭಾಗ ಬಂದಾಗ ಜೋರಾಗಿ ಓದಿದ. ಮೂರನೇ ಪುಟದಲ್ಲಿ ಬೆರಳು ನಿಂತಿತು. ಪುಟದ ಮೂಲೆ ಮಡಚಿದ.

“ಸಕ್ಕತ್ತಾಗಿ ಬರ್ದಿದೀರ ಗುರು” ಎಂದ. ಟೀ ತರಿಸಿದ. ಕುಡಿದು ಬಂದೆ.

ಒಂಬತ್ತು ದಿನವಾಗಿತ್ತು. ನನ್ನ ಚಪ್ಪರದ ಮುಂದೆ ಸಾಲಿನಲ್ಲಿ ಅವನು ನಿಂತಿದ್ದ. ಬಲಗೈಗೆ ಬೆರಳಿನಿಂದ ಮೊಣಕೈವರೆಗೆ ಪ್ಲಾಸ್ಟರು. ಸರದಿ ಬರುವವರೆಗೆ ಕಾದ, ಆಮೇಲೆ ಸ್ಟೂಲಿನ ಮೇಲೆ ಕೂತು ಎಡಗೈಯಿಂದ ಫಾರಂ ಮುಂದಿಟ್ಟ.

“ರಜಾ ಫಾರಂ ತುಂಬ್ರಿ ಸಾರ. ನೀವು ಛಲೋ ಬರೀತೀರಿ.”

ಹೆಸರು ಬರೆದೆ, ವಿಮೆ ನಂಬರು ಬರೆದೆ. ಗಾಯವಾದದ್ದು ಹೇಗೆ ಎಂಬ ಜಾಗ ಬಂತು.

“ಏನಂತ ಬರೀಲಿ?”

“ಮಷಿನ್ನ್ಯಾಗ ಅಂತ ಬರದ್ರ ಮಾಲಕ ಸೈ ಮಾಡೂದಿಲ್ಲ. ಬಿದ್ದೆ ಅಂತ ಬರೀರಿ.”

“ಎಲ್ಲಿ ಬಿದ್ದೆ?”

“ನಿಮಗ ಗೊತ್ತಿಲ್ಲೇನ್ರಿ?”

ಹಿಂದೆ ನಿಂತಿದ್ದವನು ಬೇಗ ಬೇಗ ಎಂದು ಗೊಣಗಿದ. ಇವನು ದನಿ ಏರಿಸದೆ ಹೇಳಿದ: “ಶಾಮಿಯಾನದಂವ ಎಲ್ಲಾರ ಮುಂದ ಹಾಳಿ ಓದಿದನ್ರಿ. ನನ್ನ ಹೆಸರ ಎಲ್ಲೈತಿ ಅಂದೆ. ಹೆಸರು ಯಾರಿಗ್ ಬೇಕು ಬಿಡೋ ಸಿಂದಗೀ ಅಂದ. ಕೈ ಹಿಡ್ಕೊಂಡಾವ್ರು ನಮ್ಮ ಶೆಡ್ಡಿನಾವ್ರ. ಹಿಡಿಯೂ ಮುಂದ ಮಾರಿ ಆ ಕಡೆ ಮಾಡಿದ್ರು.”

ಪೊಲೀಸರ ಹತ್ತಿರ ಹೋಗೋಣ ಎಂದೆ. ಯಾಕೆ ಹೊಡೆದರು ಅಂತ ಕೇಳಿದರೆ ಏನು ಹೇಳಲಿ, ಯಾರ ಮನೆ ಬಾಗಿಲು ಒದ್ದೆ ಅಂತಲೂ ಹೇಳಬೇಕಲ್ಲ ಎಂದ. ಫಾರಂ ತೆಗೆದುಕೊಂಡು ಹೋದ. ನನ್ನನ್ನು ಒಂದು ಮಾತೂ ಬೈಯಲಿಲ್ಲ.

ಟರೆಟ್ ಲೇತ್ ನೋಡಿಲ್ಲದವರಿಗೆ ಹೇಳುತ್ತೇನೆ. ಅದರಲ್ಲಿ ಬಲಗೈ ದಿನವಿಡೀ ಒಂದು ಚಕ್ರವನ್ನು ಎಳೆಯುತ್ತಿರುತ್ತದೆ, ಒಂದೊಂದು ಪೀಸಿಗೂ ಐದಾರು ಸಲ. ಮಣಿಕಟ್ಟು ಗಟ್ಟಿಯಿಲ್ಲದವನಿಗೆ ಆ ಯಂತ್ರವಿಲ್ಲ. ಪ್ಲಾಸ್ಟರು ಬಿಚ್ಚುವ ಮೊದಲೇ ಮಾಲೀಕ ಅವನು ಸಹಿ ಹಾಕಿದ್ದ ಬಿಳಿ ಹಾಳೆಯನ್ನು ಹೊರಗೆ ತೆಗೆದಿದ್ದ. ಮನೆಗೆ ಜಾಮೀನು ನಿಂತಿದ್ದದ್ದು ಪಡೆ, ಅದೂ ಹೋಯಿತು. ಸೊಲ್ಲಾಪುರದಲ್ಲಿ ಅಕ್ಕನ ಮನೆಗೆ ಹೋದ ಎಂದು ಆಮೇಲೆ ಕೇಳಿದೆ.

ಅವನು ಫಾರಂ ತುಂಬಿಸಿಕೊಂಡು ಹೋದ ಮಾರನೇ ಬೆಳಿಗ್ಗೆಯೇ ಮೇಡಂ ಹತ್ತಿರ ಹೋಗಿ ಎಲ್ಲ ಹೇಳಿದೆ, ಶಾಮಿಯಾನದವನ ಜೊತೆಗಿನ ಒಪ್ಪಂದವನ್ನೂ.

“ನಾ ನಿಮ್ಮನ್ನ ಕೇಳಿದ್ನಲ್ರಿ?”

“ಕೇಳಿದ್ರಿ ಮೇಡಂ.”

“ನೀವು ಖಾತ್ರಿ ಅಂದ್ರಿ.”

“ಅಂದೆ.”

ಆ ಅಧ್ಯಾಯವನ್ನೇ ತೆಗೆಯುತ್ತೇನೆ ಎಂದರು. ಇಷ್ಟೆಲ್ಲ ಆದ ಮೇಲೂ ನನ್ನೊಳಗಿನ ಚೌಕಾಸಿಯವನು ಸುಮ್ಮನಿರಲಿಲ್ಲ ನೋಡಿ. “ಆಗಬಾರದ್ದು ಆಗಿಹೋಯ್ತು ಮೇಡಂ. ಅಧ್ಯಾಯ ತೆಗೆದ್ರೆ ಅವನ ಕೈ ಸರಿಹೋಗುತ್ತಾ? ಎರಡು ವರ್ಷದ ಕೆಲಸ” ಎಂದೆ.

ಮೇಡಂ ಮೇಜಿನ ಮೇಲಿದ್ದ ಹಾಳೆಗಳ ಕಟ್ಟಿನ ಮೇಲೆ ಕೈಯಿಟ್ಟರು. “ಇನ್ನೂ ಇಪ್ಪತ್ತೆಂಟ ಮಂದಿ ಕೈ ಇದರಾಗ ಅದಾವ್ರಿ” ಎಂದರು.

ಹೆಸರಿಲ್ಲದ ಆ ಹಾಳೆಗಳಿಂದ ಎಷ್ಟು ಮಂದಿಯ ಗುರುತು ಸಿಗುತ್ತದೆ ಎಂದು ನೋಡಲೇಬೇಕಿತ್ತು. ಹಾಳೆ ಯಾರ ಕೈಗೂ ಕೊಡದೆ, ಊರು ಮತ್ತು ಯಂತ್ರ ಮಾತ್ರ ಮನಸ್ಸಿನಲ್ಲಿಟ್ಟುಕೊಂಡು, ಶೆಡ್ಡುಗಳಿಗೆ ಟೀ ಹಾಕುವ ಒಬ್ಬ ಮುದುಕನ ಹತ್ತಿರ ಹೋಗಿ ಕೂತೆ. ಹಂಗೇ ಮಾತಿನ ನಡುವೆ, ಅಧ್ಯಯನದಲ್ಲಿ ಇದ್ದವರನ್ನೂ ಇಲ್ಲದವರನ್ನೂ ಬೆರೆಸಿ, ಇಂಥ ಊರಿನ ಇಂಥ ಯಂತ್ರದವನು ಹೇಗಿದ್ದಾನೆ ಎಂದು ವಿಚಾರಿಸಿದೆ. ಒಬ್ಬನ ವಿಷಯದಲ್ಲೂ ಮುದುಕ ತಡವರಿಸಲಿಲ್ಲ. “ಅವ್ನಾ? ಮೊನ್ನೆ ಮದ್ವೆ ಆದ.” “ಅವ್ನು ಪಾಳಿ ಬದ್ಲಾಯ್ಸ್ಕೊಂಡ ಕಣಣ್ಣ.” “ಅವ್ನಿಗೆ ಸಕ್ಕರೆ ಕಾಯಿಲೆ, ಬೆಲ್ಲದ ಟೀನೂ ಬೇಡ ಅಂತಾನೆ.” ಎರಡು ಟೀ ಕುಡಿಯುವಷ್ಟರಲ್ಲಿ ಮೇಡಂ ಬೀರುವಿನ ಬೀಗ ಪೂರ್ತಿ ತೆರೆದುಹೋಗಿತ್ತು.

ಆಮೇಲಿನ ಆರು ವಾರ ನಾನು ಮಾಡಿದ ಕೆಲಸವನ್ನು ಯಾರೂ ಮೆಚ್ಚಲಿಲ್ಲ, ಮೆಚ್ಚುವ ಕೆಲಸವೂ ಅಲ್ಲ. ಉಳಿದವರ ಮನೆಗಳಿಗೆ ಒಂದೊಂದಾಗಿ ಹೋದೆ. ಅವರವರ ಭಾಗವನ್ನು ಓದಿ ಹೇಳಿ, ಏನು ಬಿಡಬೇಕು ಎಂದು ಕೇಳಿದೆ. ಕೆಲವರು ಬಾಗಿಲು ತೆರೆಯಲಿಲ್ಲ. ಒಬ್ಬ ಚಪ್ಪಲಿ ತೋರಿಸಿದ. ಗ್ರೈಂಡಿಂಗ್ ಕುಣಿಗಲ್ ಎಲ್ಲ ಕೇಳಿಸಿಕೊಂಡು, “ಇದ್ನ ಮೊದ್ಲೇ ಮಾಡಿದ್ರೆ ನಿನ್ನ ಗಂಟೇನು ಓಯ್ತಿತ್ತು ಫಾರಂ ಅಣ್ಣ?” ಎಂದ. ಹೆಚ್ಚಿನವರು ಎಲ್ಲವನ್ನೂ ತೆಗೆಯಲು ಹೇಳಿದರು. ತೆಗೆದೆವು. ಟೇಪುಗಳನ್ನು ಖಾಲಿ ಮಾಡಲು ರೆಕಾರ್ಡ್ ಗುಂಡಿ ಒತ್ತಿ, ಯಾರೂ ಮಾತಾಡದ ಕೋಣೆಯಲ್ಲಿ ಒಂದೊಂದನ್ನೂ ಪೂರ್ತಿ ಓಡಿಸಬೇಕು. ಮೇಡಂ ಆ ಕಡೆ, ನಾನು ಈ ಕಡೆ, ಬಾಯಿ ಮುಚ್ಚಿಕೊಂಡು ಕೂತಿರುತ್ತಿದ್ದೆವು.

ವರದಿ ಬಂತು, ಆ ಅಧ್ಯಾಯವಿಲ್ಲದೆ, ತೆಳ್ಳಗೆ. ಮೇಡಂ ಸಹೋದ್ಯೋಗಿಯೊಬ್ಬರು ಇದರಲ್ಲಿ ಹೊಸದೇನೂ ಇಲ್ಲ ಎಂದರಂತೆ. ಶಾಮಿಯಾನದವನಿಗೆ ಟಿಕೆಟ್ ಸಿಕ್ಕಿತು, ಗೆದ್ದೂ ಬಿಟ್ಟ. ಒಳಪುಟದಲ್ಲಿ ಹೆಸರು ಹಾಕುವುದೋ ಬೇಡವೋ ಎಂದು ಮೇಡಂ ನನ್ನನ್ನೇ ಕೇಳಿದ್ದರು. ನಾನು ಬೇಡ ಎನ್ನಲಿಲ್ಲ. ಅದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಬಿಟ್ಟುಬಿಟ್ಟರೆ ಈ ಕಥನವೂ ಇನ್ನೊಂದು ಸಾರಾಂಶವಾಗುತ್ತದೆ.

ಈಗ ನಿಮಗೆ ನಾಲ್ಕು ಮಾತು. ಸಂಶೋಧನೆಗೋ, ಪತ್ರಿಕೆಗೋ, ಯಾವುದಕ್ಕೋ ಜನರ ಗುಟ್ಟು ಕೇಳಲು ಹೊರಟವರು ನೀವಾಗಿದ್ದರೆ, ಹೆಸರು ತೆಗೆದೆವು ಎಂದು ನಿಶ್ಚಿಂತರಾಗಬೇಡಿ. ಮಾತಾಡಿದವನನ್ನು ಅವನ ಜಾಗದಲ್ಲಿ ಏನೆಂದು ಕರೆಯುತ್ತಾರೆ ಎಂದು ಮೊದಲು ತಿಳಿದುಕೊಳ್ಳಿ, ಅದನ್ನು ತೆಗೆಯಿರಿ. ಊರು ಬದಲಿಸಿ, ಯಂತ್ರ ಬದಲಿಸಿ (ಇಲ್ಲಿ ನಾನೂ ಬದಲಿಸಿದ್ದೇನೆ), ಅಷ್ಟು ಮಾಡಿದರೂ ಗುರುತು ಉಳಿಯುವುದಾದರೆ ಆ ಘಟನೆಯನ್ನೇ ಬಿಡಿ. ನಿಮ್ಮನ್ನು ಆ ಜನರ ನಡುವೆ ಬಿಡುವ ಮುಖಂಡನಿಗೆ ಏನು ಬೇಕಾದರೂ ಕೊಡಿ, ಬರೆದ ಹಾಳೆಯನ್ನು ಮಾತ್ರ ಕೊಡುತ್ತೇನೆ ಎನ್ನಬೇಡಿ. ನೀವು ಮೇಡಂ ಥರ ಓದಿದವರಾಗಿದ್ದರೆ, ಸ್ಥಳೀಯ ಸಹಾಯಕನೊಬ್ಬ ‘ಖಾತ್ರಿ’ ಎಂದ ಕೂಡಲೇ ಪೆನ್ನು ಮುಂದಕ್ಕೆ ಸರಿಸಬೇಡಿ. ಆ ಸಾಲಿನಿಂದ ಅವನಿಗೆ ಏನು ಲಾಭ ಎಂದು ಕೇಳಿ. ನೀವು ನನ್ನಂಥವರಾಗಿದ್ದರೆ, ಒಳಗೆ ಏನಾದರೂ ಮಿಸುಕಾಡಿದಾಗ ಅದೇನೆಂದು ನೋಡಿ, ಆ ದಿನ ಉತ್ತರ ಕೊಡಬೇಡಿ.

ಅಚ್ಚಿಗೆ ಕೊಡುವ ಮೊದಲು ಗುಟ್ಟು ಹೇಳಿದವನ ಮನೆಗೇ ಹೋಗಿ. ಫೋನು ಬೇಡ, ಯಾರ ಕೈಯಲ್ಲೂ ಹೇಳಿ ಕಳಿಸಬೇಡಿ. ಅವನ ಬಗ್ಗೆ ಬರೆದದ್ದನ್ನು ಅವನ ಮುಂದೆ ಕೂತು ಓದಿ, ಓದುವಾಗ ಹಾಳೆಯನ್ನಲ್ಲ, ಅವನ ಮುಖ ನೋಡಿ. ಎಲ್ಲಿ ಅವನು ಬಾಗಿಲ ಕಡೆ ನೋಡುತ್ತಾನೋ ಆ ಸಾಲನ್ನು ಹೊಡೆದುಹಾಕಿ. ಯಾಕೆ ಎಂದು ಅವನನ್ನು ಕೇಳಬೇಡಿ.